ಹಿಮದ ಹಲಗೆ: ಉದ್ದವೋ, ಅಗಲವೋ?

ಕರಾವಳಿಯ ಕಂಬಳವನ್ನು ನೀವು ಕಣ್ಣಾರೆ ಕಂಡಿರಬಹುದು. ಇಲ್ಲವಾದರೆ ಕೇಳಿಯಾದರೂ ಬಲ್ಲಿರಿ. ಅಲ್ಲಿನ ಸ್ಪರ್ಧೆಗಳಲ್ಲಿ ಹಲಗೆಯ ಓಟವೆಂಬುದೊಂದು ಉಂಟು. ಕೋಣಗಳ ಹಿಂದೆ ಒಂದು ಹಲಗೆಯನ್ನು ಕಟ್ಟಿ, ಓಡಿಸುವಾತ ಅದರ ಮೇಲೆ ನಿಂತು ಕೆಸರುಗದ್ದೆಯ ಉದ್ದಕ್ಕೂ ಸಾಗುತ್ತಾನೆ. ನಿಂತಾಗ ಕೆಸರಿನಲ್ಲಿ ಕೂರುವ ಹಲಗೆ, ವೇಗ ಬಂದೊಡನೆ ನೀರಿನ ಮೇಲೆ ಜಾರತೊಡಗುತ್ತದೆ. ಬರಿಗಾಲು ಹೂತುಹೋಗುವ ಕಡೆ ಹಲಗೆ ಮನುಷ್ಯನನ್ನು ಹೊತ್ತು ನಡೆಯುತ್ತದೆ. ಈ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ನಾನು ಈಗ ಹೇಳಹೊರಟಿರುವ ದೂರದೇಶದ ಕಥೆ ನಿಮಗೆ ಅಷ್ಟೇನೂ ಅಪರಿಚಿತವೆನಿಸದು. ಆ ಕಥೆಯಲ್ಲಿ ಕೆಸರಿನ ಬದಲು ಹಿಮವಿದೆ. ಕೋಣಗಳ ಬದಲು ಬೆಟ್ಟದ ಇಳಿಜಾರಿದೆ. ಹಲಗೆ ಮಾತ್ರ ಹಲಗೆಯೇ.

ಹಿಮವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಐಸಿನ ಗಡ್ಡೆ. ಚಳಿಯ ನಾಡಿನವರು ಅತ್ಯಂತ ಪ್ರೀತಿಯಿಂದ ಕಾಣುವ ಹಿಮ ಅದಲ್ಲ. ಒಣ ಚಳಿಯಲ್ಲಿ, ಗಾಳಿಯಿಲ್ಲದ ರಾತ್ರಿ, ಮೆಲ್ಲಗೆ ಉದುರಿ ಹತ್ತಿಯಂತೆ ಕೂತ ಹಿಮವೊಂದುಂಟು. ಅದಕ್ಕೆ ಇಂಗ್ಲಿಷಿನಲ್ಲಿ ಪೌಡರ್ ಎನ್ನುತ್ತಾರೆ. ನಾವು ಪುಡಿಹಿಮ ಎನ್ನೋಣ. ಒಂದು ಘನಮೀಟರ್ ನೀರಿನ ತೂಕ ಸಾವಿರ ಕಿಲೋಗ್ರಾಂ. ಅಷ್ಟೇ ಜಾಗವನ್ನು ತುಂಬಿದ ಹೊಸ ಪುಡಿಹಿಮ ಸಾಮಾನ್ಯವಾಗಿ ೫೦ರಿಂದ ೧೦೦ ಕಿಲೋಗ್ರಾಂ ತೂಗುತ್ತದೆ. ಉಳಿದುದೆಲ್ಲ ಗಾಳಿ. ಇಂಥ ಹಿಮದೊಳಗೆ ಕಾಲಿಟ್ಟರೆ ಮೊಣಕಾಲಿನವರೆಗೆ, ಕೆಲವೊಮ್ಮೆ ಸೊಂಟದವರೆಗೆ ಇಳಿದುಹೋಗುತ್ತೇವೆ. ಇದರ ಮೇಲೆ ತೇಲುತ್ತಾ ಬೆಟ್ಟ ಇಳಿಯುವುದು ಹೇಗೆ? ಅದರಲ್ಲೂ ಆಳು ಎತ್ತರದವನೂ ಭಾರದವನೂ ಆಗಿದ್ದರೆ?

ಈ ಪ್ರಶ್ನೆ ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕನ್ನಡದ ಮನೆಗಳ ಮಕ್ಕಳು ಈಗ ಡೆನ್ವರ್, ಸಿಯಾಟಲ್‌ಗಳಂಥ ಬೆಟ್ಟದ ಮಗ್ಗುಲಿನ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ಚಳಿಗಾಲದ ರಜೆ ಬಂತೆಂದರೆ ಅಲ್ಲಿನವರೊಡನೆ ಹಿಮದ ಬೆಟ್ಟಕ್ಕೆ ಹೊರಡುತ್ತಾರೆ. ನಮ್ಮ ದೇಶದಲ್ಲೇ ಕಾಶ್ಮೀರದ ಗುಲ್‌ಮರ್ಗ್ ಇದೆ. ೨೦೨೦ರಲ್ಲಿ ನಡೆದ ಮೊದಲ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಹಿಮದ ಹಲಗೆಯ ಸ್ಪರ್ಧೆಯೂ ಅಲ್ಲಿ ಜರುಗಿತು. ಹಲಗೆ ಕೊಳ್ಳಲು ಅಂಗಡಿಗೆ ಹೋದವನಿಗೆ ಸಿಗುವ ಹಳೆಯ ಬುದ್ಧಿವಾದ ಒಂದೇ: ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಅದು ನಿಮ್ಮ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ಆರಡಿ ನಾಲ್ಕಿಂಚಿನ ಆಳಿಗೆ ಈ ಲೆಕ್ಕದಲ್ಲಿ ಉದ್ದನೆಯ ಹಲಗೆಯೇ ಗತಿ. ಉದ್ದನೆಯ ಹಲಗೆ ತೇಲುತ್ತದೆ, ನಿಜ. ಆದರೆ ಮರಗಳ ನಡುವೆ ತಿರುಗೆಂದರೆ ತಿರುಗುವುದಿಲ್ಲ. ತೇಲಬೇಕೋ, ಚುರುಕಾಗಿ ತಿರುಗಬೇಕೋ? ಎರಡರಲ್ಲೊಂದನ್ನು ಬಿಡಲೇಬೇಕೇ? ಹಲಗೆಯ ಇತಿಹಾಸವನ್ನು ತಿರುವಿ ನೋಡಿದರೆ ಇದು ಇಂದಿನ ಜಗಳವಲ್ಲ, ಬಹಳ ಹಳೆಯದು ಎಂದು ತಿಳಿಯುತ್ತದೆ.

ಸ್ವೀಡನ್ ದೇಶದ ಉತ್ತರಭಾಗದಲ್ಲಿ ಕಾಲ್ವ್‌ಟ್ರಾಸ್ಕ್ ಎಂಬ ಹಳ್ಳಿಯಿದೆ. ೧೯೨೪ರಲ್ಲಿ ಅದರ ಬಳಿಯ ಜೌಗುನೆಲವನ್ನು ಅಗೆಯುತ್ತಿದ್ದಾಗ ಮರದ ಸ್ಕೀ ಸಿಕ್ಕಿತು. ಅದರ ವಯಸ್ಸು ಸುಮಾರು ೫,೨೦೦ ವರ್ಷವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಉದ್ದ ಸುಮಾರು ಎರಡು ಮೀಟರ್, ಅಗಲ ೧೫ ಸೆಂಟಿಮೀಟರಿಗೆ ಸಮೀಪ. ಇಂದಿನ ಓಟದ ಸ್ಕೀಗೆ ಹೋಲಿಸಿದರೆ ಇದು ಬಹಳ ಅಗಲ. ಅದನ್ನು ಕೆತ್ತಿದವನಿಗೆ ಆಟದ ಗೊಡವೆ ಇರಲಿಲ್ಲ. ಮೃಗವನ್ನು ಬೆನ್ನಟ್ಟಿ ಹಿಮದಲ್ಲಿ ಹೂತುಹೋಗದೆ ಮನೆಗೆ ಮರಳುವುದೇ ಅವನ ಚಿಂತೆಯಾಗಿದ್ದಿರಬೇಕು. ಮಧ್ಯ ಏಷ್ಯದ ಅಲ್ತಾಯ್ ಪರ್ವತಗಳ ಜನ ಇಂದಿಗೂ ಅಗಲವಾದ ಸ್ಕೀಗಳನ್ನು ಮಾಡಿ, ಅಡಿಗೆ ಕುದುರೆಯ ತೊಗಲನ್ನು ಹೊದಿಸುತ್ತಾರೆ. ಕೂದಲು ಹಿಂದಕ್ಕೆ ಬಾಗಿರುವುದರಿಂದ ಇಳಿಯುವಾಗ ಜಾರುತ್ತದೆ, ಏರುವಾಗ ಹಿಡಿಯುತ್ತದೆ. ಕೈಯಲ್ಲಿ ಒಂದೇ ಕೋಲು. ಸ್ಕ್ಯಾಂಡಿನೇವಿಯದ ಕೆಲವು ಕಡೆ ಎರಡು ಕಾಲಿಗೆ ಎರಡು ಅಳತೆಯ ಸ್ಕೀ ಕಟ್ಟುವ ಪದ್ಧತಿ ಇತ್ತು: ಒಂದು ಕಾಲಿಗೆ ತೇಲಿ ಜಾರಲು ಉದ್ದನೆಯದು, ಇನ್ನೊಂದಕ್ಕೆ ನೆಲವನ್ನು ಒದೆಯಲು ಗಿಡ್ಡನೆಯದು. ತೇಲುವ ಕೆಲಸವೂ ಚುರುಕಿನ ಕೆಲಸವೂ ಒಂದೇ ಹಲಗೆಯಿಂದ ಸಾಧ್ಯವಿಲ್ಲವೆಂದು ಅವರು ಎರಡನ್ನೂ ಹಂಚಿಹಾಕಿದ್ದರು.

ಎರಡನ್ನೂ ಒಂದೇ ಮರದಲ್ಲಿ ಕೂಡಿಸುವ ದಾರಿಯನ್ನು ತೋರಿಸಿದವರಲ್ಲಿ ನಾರ್ವೆಯ ಸೋಂಡ್ರೆ ನೋರ್‌ಹೈಮ್ ಮುಖ್ಯನು. ೧೮೨೫ರಲ್ಲಿ ಟೆಲೆಮಾರ್ಕ್ ಪ್ರಾಂತದ ಮೋರ್ಗೆಡಾಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಬಡ ಗೇಣಿದಾರ. ಅವನ ಸ್ಕೀ ಅಂದಿನ ರೂಢಿಗಿಂತ ಗಿಡ್ಡ; ನಡು ಸಣ್ಣ, ತುದಿಗಳು ಅಗಲ. ಬಳ್ಳಿಯನ್ನು ಹೆಣೆದು ಹಿಮ್ಮಡಿಯನ್ನೂ ಸುತ್ತಿ ಕಟ್ಟಿದ್ದರಿಂದ ಪಾದದ ಬಯಕೆ ಹಲಗೆಗೆ ತಿಳಿಯುತ್ತಿತ್ತು. ಹೀಗೆ ನಡು ಕಿರಿದಾದ ಹಲಗೆಯನ್ನು ಓರೆಮಾಡಿ ಒತ್ತಿದರೆ ಅದರ ಅಂಚು ಬಿಲ್ಲಿನಂತೆ ಬಾಗಿ, ತಾನಾಗಿಯೇ ಕಮಾನು ಬಿಡಿಸಿಕೊಂಡು ತಿರುಗುತ್ತದೆ. ೧೮೬೮ರಲ್ಲಿ ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಆಸ್ಲೋದಲ್ಲಿ, ನಡೆದ ಸ್ಪರ್ಧೆಯಲ್ಲಿ ನಲವತ್ತು ದಾಟಿದ ಈ ಹಳ್ಳಿಗ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿದ. ಉದ್ದವೇ ಸರ್ವಸ್ವವಲ್ಲ, ಆಕಾರವೂ ಕೆಲಸ ಮಾಡುತ್ತದೆ ಎಂಬ ಪಾಠ ಅಂದು ಮೊದಲಾಯಿತು.

ಇನ್ನು ಎರಡು ಹಲಗೆ ಹೋಗಿ ಒಂದಾದ ಬಗೆ. ೧೯೬೫ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಊರಿನಲ್ಲಿ ಷರ್ಮನ್ ಪಾಪೆನ್ ಎಂಬ ಗೃಹಸ್ಥ ತನ್ನ ಹೆಣ್ಣುಮಕ್ಕಳನ್ನು ಆಡಿಸಲು ಎರಡು ಸ್ಕೀಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ಬಿಗಿದ. ಅಡ್ಡಡ್ಡ ನಿಂತು ಜಾರುವುದನ್ನು ಕಂಡ ಹೆಂಡತಿ, ಹಿಮ ಎಂಬರ್ಥದ ಸ್ನೋ, ಅಲೆಯಾಟದವ ಎಂಬರ್ಥದ ಸರ್ಫರ್ ಎರಡನ್ನೂ ಕೂಡಿಸಿ ಸ್ನರ್ಫರ್ ಎಂದು ಹೆಸರಿಟ್ಟಳು. ಬ್ರನ್ಸ್‌ವಿಕ್ ಎಂಬ ಆಟದ ಸಾಮಾನಿನ ಕಂಪೆನಿ ಅದನ್ನು ಮಾಡಿ ಮಾರಿತು. ೧೯೬೮ರಲ್ಲಿ ಪಾಪೆನ್‌ಗೆ ಪೇಟೆಂಟೂ ದೊರೆಯಿತು. ಸುಮಾರು ನಾಲ್ಕಡಿಯ ಕಿರಿದಾದ ಹಲಗೆ, ಮೂತಿಗೆ ಕಟ್ಟಿದ ಒಂದು ಹಗ್ಗ, ಅಷ್ಟೆ. ಕಾಲಿಗೆ ಪಟ್ಟಿ ಇರಲಿಲ್ಲ. ಹುಡುಗರಿಗೆ ಅದು ಒಪ್ಪುತ್ತಿತ್ತು. ಭಾರದ ಆಳು ಆಳಹಿಮದಲ್ಲಿ ನಿಂತರೆ ಹಲಗೆಯೂ ಅವನೂ ಕೂಡಿಯೇ ಮುಳುಗುತ್ತಿದ್ದರು.

ಹಿಮದ ಹಲಗೆ ಹುಟ್ಟಿದ್ದು ಅಲೆಯಾಟದ ಕನಸಿನಿಂದ ಎಂಬುದನ್ನು ಇಲ್ಲಿ ಮರೆಯಬಾರದು. ಮುಂದಿನ ಹೆಜ್ಜೆಯೂ ಅಲ್ಲಿಂದಲೇ ಬಂತು. ೧೯೬೭ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ ಸ್ಟೀವ್ ಲಿಸ್ ಎಂಬ ತರುಣ ಮೊಣಕಾಲೂರಿ ಅಲೆಯ ಮೇಲೆ ಹೋಗಲು ಗಿಡ್ಡವೂ ಅಗಲವೂ ಆದ ಹಲಗೆಯನ್ನು ಮಾಡಿದ. ಬಾಲ ಮೀನಿನ ಬಾಲದಂತೆ ಇಬ್ಭಾಗ. ಉದ್ದನೆಯ ಹಲಗೆಗಳ ನಡುವೆ ಇದು ವಿಚಿತ್ರವಾಗಿ ಕಂಡಿತು. ಆದರೆ ನೀರಿನ ಮೇಲೆ ಚೆನ್ನಾಗಿ ತೇಲಿ, ಚೂಪಾಗಿ ತಿರುಗಿತು. ಮೀನು ಎಂಬ ಹೆಸರೇ ಅದಕ್ಕೆ ನಿಂತಿತು. ಈ ಮೀನನ್ನು ನೆನಪಿನಲ್ಲಿಡಿ. ಮುಂದೆ ಅದು ಬೆಟ್ಟ ಹತ್ತುತ್ತದೆ.

೧೯೭೦ರ ದಶಕದ ಆದಿಯಲ್ಲಿ ಡಿಮಿಟ್ರಿಯೆ ಮಿಲೋವಿಚ್ ಎಂಬಾತ ಕಾರ್ನೆಲ್ ವಿಶ್ವವಿದ್ಯಾನಿಲಯದ ಓದನ್ನು ಬಿಟ್ಟು ಯೂಟಾ ಸಂಸ್ಥಾನದ ವಾಸಾಚ್ ಪರ್ವತಗಳಿಗೆ ಬಂದ. ಆ ಬೆಟ್ಟಗಳಲ್ಲಿ ಬೀಳುವ ಹಿಮ ಒಣಹಿಮ. ಆಲ್ಟಾ ಎಂಬಲ್ಲಿ ಒಂದು ಚಳಿಗಾಲಕ್ಕೆ ಸುಮಾರು ೧೩ ಮೀಟರ್ ಬೀಳುವುದುಂಟು. ಮಿಲೋವಿಚ್ ಅಲೆಹಲಗೆಯ ವಿದ್ಯೆಯನ್ನು ಹಿಮಕ್ಕೆ ತಿರುಗಿಸಿದ. ಅವನ ಹಲಗೆಗೆ ಅಗಲವಾದ ಮೂತಿ, ಕವಲುತೋಕೆ ಹಕ್ಕಿಯಂತೆ ಸೀಳಿದ ಬಾಲ. ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಪುಡಿಹಿಮದಲ್ಲಿ ಹಲಗೆಯ ಮೂತಿ ಮೇಲೇಳಬೇಕು, ಬಾಲ ತುಸು ಮುಳುಗಬೇಕು, ದೋಣಿಯ ಹಾಗೆ. ಬಾಲದ ಅಗಲವನ್ನು ಕಡಿಮೆ ಮಾಡಿದರೆ, ಅಥವಾ ನಡುವೆ ಸೀಳಿದರೆ, ಅಲ್ಲಿ ಹಿಮದ ಆಸರೆ ಕುಗ್ಗಿ ಬಾಲ ತಾನೇ ಇಳಿಯುತ್ತದೆ. ಮೂತಿ ತಾನೇ ಏಳುತ್ತದೆ. ಸವಾರ ಹಿಂದಕ್ಕೆ ಜೋತುಬೀಳಬೇಕಾಗಿಲ್ಲ. ೧೯೭೪ರ ಜನವರಿಯಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ವಿಂಟರ್‌ಸ್ಟಿಕ್ ಎಂಬ ಹೆಸರಿನಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಅವನ ಹಲಗೆಗಳು ತಯಾರಾದವು. ಪುಡಿಹಿಮದ ಹಲಗೆಯ ವಂಶಕ್ಕೆ ಇವನೇ ಮೂಲಪುರುಷನೆಂದರೆ ತಪ್ಪಾಗದು.

ಇತ್ತ ಪೂರ್ವತೀರದಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ೧೯೭೭ರಲ್ಲಿ ವರ್ಮಾಂಟಿನ ಲಂಡನ್‌ಡೆರಿ ಎಂಬ ಊರಿನಲ್ಲಿ ಹಲಗೆಯ ಕಾರ್ಖಾನೆ ಹೂಡಿದ. ೧೯೭೯ರಲ್ಲಿ ಮಿಷಿಗನ್ನಿನ ಸ್ನರ್ಫರ್ ಸ್ಪರ್ಧೆಗೆ ಕಾಲಿಗೆ ಪಟ್ಟಿ ಜೋಡಿಸಿದ ತನ್ನದೇ ಹಲಗೆಯನ್ನು ತಂದ. ಇದು ಸ್ನರ್ಫರ್ ಅಲ್ಲವೆಂದು ಆಕ್ಷೇಪ ಎದ್ದು, ಅವನಿಗೆ ಬೇರೊಂದು ವರ್ಗವನ್ನೇ ಮಾಡಬೇಕಾಯಿತು. ಪಶ್ಚಿಮದಲ್ಲಿ ಟಾಮ್ ಸಿಮ್ಸ್ ಎಂಬ ಮತ್ತೊಬ್ಬ ಸಾಹಸಿ ಇದೇ ಕೆಲಸದಲ್ಲಿ ತೊಡಗಿದ್ದ. ಆದರೆ ಸ್ಕೀ ಬೆಟ್ಟಗಳ ಯಜಮಾನರು ಹಲಗೆಯವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ತಡೆದದ್ದರಿಂದ ಒಂದು ವಿಚಿತ್ರ ಲಾಭವಾಯಿತು: ಹಲಗೆಯವರು ಯಂತ್ರದಿಂದ ತಟ್ಟಿ ನಯಮಾಡದ ಬೆಟ್ಟಗಳನ್ನು ತಾವೇ ಹತ್ತಿ, ಮೆತ್ತನೆಯ ಹಿಮದಲ್ಲೇ ಇಳಿಯುವುದನ್ನು ಕಲಿತರು. ಹಲಗೆಯೂ ಮೆತ್ತನೆಯ ಹಿಮಕ್ಕೆ ತಕ್ಕಂತೆ ಇತ್ತು.

೧೯೮೩ರಲ್ಲಿ ವರ್ಮಾಂಟಿನ ಸ್ಟ್ರಾಟನ್ ಬೆಟ್ಟ ಬಾಗಿಲು ತೆರೆಯಿತು. ಒಂದೊಂದಾಗಿ ಬೇರೆ ಬೆಟ್ಟಗಳೂ ತೆರೆದವು. ಆದರೆ ಮಿಲೋವಿಚ್ ಹಲಗೆ ಹೊತ್ತ ಪರ್ವತಶ್ರೇಣಿಯಲ್ಲೇ ಇರುವ ಆಲ್ಟಾ ಇಂದಿಗೂ ಸ್ಕೀಗಲ್ಲದೆ ಹಲಗೆಗೆ ಎಡೆಗೊಡುವುದಿಲ್ಲ! ಬಾಗಿಲು ತೆರೆದ ಮೇಲೆ ಹಲಗೆಯ ರೂಪವೇ ಬದಲಾಯಿತು. ಗಟ್ಟಿಹಿಮವನ್ನು ಕಚ್ಚಲು ಉಕ್ಕಿನ ಅಂಚು ಬಂತು. ಗಾಳಿಯಲ್ಲಿ ಲಾಗ ಹಾಕಿ ಹಿಮ್ಮುಖವಾಗಿಯೂ ಇಳಿಯಲು ಅನುಕೂಲವಾಗಲೆಂದು ಮೂತಿಯೂ ಬಾಲವೂ ಒಂದೇ ಅಳತೆಯಾದವು, ಕಾಲುಗಳು ಸರಿಯಾಗಿ ನಡುವಿಗೆ ಬಂದವು, ನಡು ಕಿರಿದಾಯಿತು. ೧೯೯೮ರಲ್ಲಿ ಜಪಾನಿನ ನಾಗಾನೋ ಒಲಿಂಪಿಕ್ಸ್‌ನಲ್ಲಿ ಹಿಮಹಲಗೆಗೆ ಮೊದಲ ಬಾರಿ ಸ್ಥಾನ ಸಿಕ್ಕಿತು. ಕೀರ್ತಿ ಬಂತು. ಆದರೆ ಇಂಥ ಹಲಗೆಯನ್ನು ಆಳಹಿಮಕ್ಕೆ ಒಯ್ದವನು ಮೂತಿ ಮುಳುಗದಿರಲೆಂದು ಇಡೀ ದಿನ ಹಿಂಗಾಲಿನ ಮೇಲೆ ಭಾರ ಹಾಕಬೇಕು. ಸಂಜೆಗೆ ಹಿಂದಿನ ತೊಡೆ ಉರಿಯುತ್ತದೆ. ಅರವತ್ತು ಕಿಲೋ ತೂಗುವವನಿಗೆ ಇದು ದಣಿವು. ನೂರು ಕಿಲೋದವನಿಗೆ ಶಿಕ್ಷೆ. ಅವನಿಗೆ ಸಿಕ್ಕ ಪರಿಹಾರವೋ, ಇನ್ನೂ ಉದ್ದನೆಯ ಹಲಗೆ.

ಇದಕ್ಕೆ ವಿರುದ್ಧದ ಯೋಚನೆ ಮೂರು ಕಡೆಯಿಂದ ಬಂತು. ಮೊದಲನೆಯದು ಕ್ರೇಗ್ ಕೆಲ್ಲಿಯ ಕಡೆಯಿಂದ. ನಾಲ್ಕು ಸಲ ಜಗತ್ತಿನ ಚಾಂಪಿಯನ್ ಆಗಿದ್ದ ಆತ ಕೀರ್ತಿಯ ಶಿಖರದಲ್ಲಿರುವಾಗಲೇ ಸ್ಪರ್ಧೆಗಳಿಗೆ ಬೆನ್ನು ತಿರುಗಿಸಿ, ಜನರಿಲ್ಲದ ಬೆಟ್ಟಗಳ ಆಳಹಿಮವನ್ನು ಅರಸಿ ಹೋದ. ಅಂಥವರ ಒಲವು ಹಲಗೆ ಮಾಡುವವರ ಮೇಲೂ ಪ್ರಭಾವ ಬೀರಿತು. ೨೦೦೦ರ ದಶಕದ ಆದಿಯಲ್ಲಿ ಬರ್ಟನ್ ಕಂಪೆನಿ ಮೀನು ಎಂಬ ಅರ್ಥದ ಫಿಷ್ ಹೆಸರಿನಿಂದಲೇ ಒಂದು ಹಲಗೆಯನ್ನು ಹೊರತಂದಿತು: ಅಗಲ ಮೂತಿ, ಕಿರಿದಾದ ಬಾಲ, ಹಿಂದಕ್ಕೆ ಸರಿಸಿದ ಕಾಲಿನ ಜಾಗ, ರೂಢಿಗಿಂತ ಕಡಿಮೆ ಉದ್ದ. ಸ್ಯಾನ್ ಡಿಯಾಗೋದ ಕಡಲಲ್ಲಿ ಕಂಡ ಮೀನಿನ ಆಕಾರ ಬೆಟ್ಟ ಹತ್ತಿದ್ದು ಹೀಗೆ.

ಎರಡನೆಯದು ಜಪಾನಿನ ಉತ್ತರದ್ವೀಪ ಹೊಕ್ಕೈಡೊದಿಂದ. ಸೈಬೀರಿಯದ ಒಣ ಶೀತಗಾಳಿ ಜಪಾನ್ ಸಮುದ್ರದ ಮೇಲೆ ಹಾದು ತೇವವನ್ನು ಹೀರಿ, ಈ ದ್ವೀಪದ ಬೆಟ್ಟಗಳಿಗೆ ತಾಗಿದಾಗ ಹಿಮ ಸುರಿಸುತ್ತದೆ. ನಿಸೆಕೊ ಎಂಬಲ್ಲಿ ಒಂದು ಚಳಿಗಾಲಕ್ಕೆ ಹದಿನೈದು ಮೀಟರಿನಷ್ಟು ಬೀಳುವುದುಂಟು. ಬೆಟ್ಟಗಳು ಅಷ್ಟೇನೂ ಕಡಿದಲ್ಲ. ಬರ್ಚ್ ಮರಗಳ ತೋಪುಗಳು ಹೇರಳ. ಅಂದರೆ ವೇಗ ಕಡಿಮೆ, ಹಿಮ ಆಳ, ತಿರುವು ಹೆಚ್ಚು. ನಾಗಾನೋ ಒಲಿಂಪಿಕ್ಸ್ ನಡೆದ ಸುಮಾರಿಗೆ, ತಾರೊ ತಮಾಯಿ ಎಂಬ ಅಲೆಯಾಟದ ಪ್ರೇಮಿ ನಿಸೆಕೊದಲ್ಲಿ ಗೆಂಟೆಮ್‌ಸ್ಟಿಕ್ ಎಂಬ ಹೆಸರಿನಿಂದ ಹಲಗೆ ಮಾಡತೊಡಗಿದ. ಲಾಗ ಹಾಕುವುದನ್ನು ಬದಿಗಿಟ್ಟು, ಒಂದು ತಿರುವನ್ನು ಅಂದವಾಗಿ ಬಿಡಿಸುವುದೇ ಗುರಿಯೆಂದು ನಂಬಿದವ ಆತ. ಊರಿನ ಹಿಮವೇ ಹಲಗೆಯ ಆಕಾರವನ್ನು ನಿಶ್ಚಯಿಸಬೇಕು ಎಂಬುದು ಅವನ ಕೆಲಸದಿಂದ ಹೊರಟ ನೀತಿ.

ಮೂರನೆಯದು ಸ್ಕೀ ಲೋಕದಿಂದಲೇ ಬಂತು. ಆಸ್ಟ್ರಿಯದ ಆಟಾಮಿಕ್ ಕಂಪೆನಿಯಲ್ಲಿ ರೂಪರ್ಟ್ ಹೂಬರ್ ೧೯೮೦ರ ದಶಕದ ಕೊನೆಯಲ್ಲಿ ರೂಢಿಯ ಸ್ಕೀಗಿಂತ ಬಹಳ ಅಗಲವಾದ ಸ್ಕೀ ಮಾಡಿದ. ಜನ ಅದನ್ನು ದಪ್ಪಹುಡುಗರ ಸ್ಕೀ ಎಂದು ನಕ್ಕರು. ನಕ್ಕವರೇ ಮುಂದೆ ಅದನ್ನು ಕೊಂಡರು. ೨೦೦೦ರ ದಶಕದ ಆದಿಯಲ್ಲಿ ಷೇನ್ ಮೆಕಾಂಕಿ ಎಂಬ ಸಾಹಸಿ, ನೀರಿನ ಮೇಲೆ ಜಾರುವ ಸ್ಕೀಯನ್ನು ನೋಡಿ, ತುದಿಗಳು ಮೇಲಕ್ಕೆ ಬಾಗಿ ನಡು ಅಗಲವಾದ ಸ್ಕೀಗೆ ರೂಪ ಕೊಟ್ಟ. ಪುಡಿಹಿಮದ ಸ್ವಭಾವ ನೆಲಕ್ಕಿಂತ ನೀರಿಗೆ ಹತ್ತಿರ ಎಂಬ ಮಾತು ಎಲ್ಲ ದಿಕ್ಕಿನಿಂದಲೂ ಕೇಳಿಬಂದ ಹಾಗಾಯಿತು.

ಇವೆಲ್ಲ ಕೂಡಿ ೨೦೧೦ರ ದಶಕದಲ್ಲಿ ಗಿಡ್ಡ ಅಗಲ ಹಲಗೆ ಎಲ್ಲ ಅಂಗಡಿಗಳಿಗೂ ಬಂತು. ಇದರ ಹಿಂದಿನ ಲೆಕ್ಕ ಶಾಲೆಯ ಹುಡುಗನೂ ಮಾಡಬಹುದಾದ್ದು. ೧೬೦ ಸೆಂಟಿಮೀಟರ್ ಉದ್ದದ ಹಲಗೆಯ ಸರಾಸರಿ ಅಗಲ ೨೫ ಎಂದುಕೊಳ್ಳಿ. ಅಡಿಯ ವಿಸ್ತಾರ ೪,೦೦೦ ಚದರ ಸೆಂಟಿಮೀಟರ್. ಅದರ ಮೇಲೆ ೬೦ ಕಿಲೋದವನು ನಿಂತರೆ ಚದರ ಸೆಂಟಿಮೀಟರಿಗೆ ೧೫ ಗ್ರಾಂ ಭಾರ. ೧೦೦ ಕಿಲೋದವನು ನಿಂತರೆ ೨೫ ಗ್ರಾಂ. ಉದ್ದವನ್ನೇ ಹೆಚ್ಚಿಸಿ ಇಬ್ಬರನ್ನೂ ಸಮಮಾಡಹೊರಟರೆ ಭಾರದವನಿಗೆ ಎಂಟೂಮುಕ್ಕಾಲು ಅಡಿಯ ಹಲಗೆ ಬೇಕು! ಮನೆಯ ಬಾಗಿಲಲ್ಲಿ ಹಿಡಿಸದ ಆ ಹಲಗೆ ಮರಗಳ ನಡುವೆ ಹಿಡಿಸೀತೆ? ಆದರೆ ಅಗಲವನ್ನು ನೋಡಿ. ಉದ್ದ ಒಂದು ಸೆಂಟಿಮೀಟರ್ ಬೆಳೆದರೆ ವಿಸ್ತಾರ ೨೫ ಚದರ ಸೆಂಟಿಮೀಟರ್ ಬೆಳೆಯುತ್ತದೆ. ಅಗಲ ಒಂದು ಸೆಂಟಿಮೀಟರ್ ಬೆಳೆದರೆ ೧೬೦. ಒಂದು ಸೆಂಟಿಮೀಟರ್ ಅಗಲ ಆರು ಸೆಂಟಿಮೀಟರ್ ಉದ್ದಕ್ಕೆ ಸಮ. ೧೬೬ರ ಹಲಗೆಯನ್ನು ೧೫೭ಕ್ಕೆ ಇಳಿಸಿ, ಅಗಲವನ್ನು ಒಂದೂವರೆ ಸೆಂಟಿಮೀಟರ್ ಹೆಚ್ಚಿಸಿದರೆ ತೇಲುವ ವಿಸ್ತಾರದಲ್ಲಿ ಏನೂ ನಷ್ಟವಿಲ್ಲ. ತಿರುಗುವಾಗಿನ ಲಾಭವೋ ದೊಡ್ಡದು. ಓಣಿಯಲ್ಲಿ ಉದ್ದದ ಏಣಿಯನ್ನು ತಿರುಗಿಸುವುದಕ್ಕೂ ಗಿಡ್ಡ ಏಣಿಯನ್ನು ತಿರುಗಿಸುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದೆ.

ಹಾಗಾದರೆ ಎಲ್ಲರೂ ಮೊದಲೇ ಅಗಲದ ಹಲಗೆ ಏಕೆ ಮಾಡಲಿಲ್ಲ? ಅಗಲಕ್ಕೂ ಬೆಲೆ ಉಂಟು. ಹಲಗೆಯನ್ನು ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಹೊರಳಿಸುವುದು ಕಾಲ್ಬೆರಳು ಮತ್ತು ಹಿಮ್ಮಡಿಗಳ ಕೆಲಸ. ಸಣ್ಣ ಪಾದದವನಿಗೆ ಅಗಲದ ಹಲಗೆ ಜಡವಾಗುತ್ತದೆ. ಅವನ ಬೆರಳು ಅಂಚಿನಿಂದ ದೂರದಲ್ಲೇ ಉಳಿಯುತ್ತದೆ. ಇಲ್ಲೇ ನಮ್ಮ ಎತ್ತರದ ಆಳಿಗೆ ಒಂದು ಅದೃಷ್ಟ ಕಾದಿದೆ. ಎತ್ತರದವರ ಪಾದ ಸಾಮಾನ್ಯವಾಗಿ ದೊಡ್ಡದು. ಮೂವತ್ತು ಸೆಂಟಿಮೀಟರ್ ಪಾದದವನ ಬೂಟು ಹೊರಗಿನಿಂದ ಎರಡು ಮೂರು ಸೆಂಟಿಮೀಟರ್ ಇನ್ನೂ ಉದ್ದ. ನಡುವಿನಲ್ಲಿ ೨೫ ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಅದು ಎರಡೂ ಕಡೆ ಹೊರಚಾಚಿ, ಓರೆಯಾದಾಗ ಹಿಮಕ್ಕೆ ಸಿಕ್ಕಿ ಕೆಡವುತ್ತದೆ. ೨೭ರ ಹಲಗೆಯ ಮೇಲೆ ಹಾಗಾಗುವ ಭಯ ಕಡಿಮೆ. ಬೆರಳು ಅಂಚಿನ ಮೇಲೆಯೇ ಕೂತು ಹಲಗೆಯನ್ನು ಸಲೀಸಾಗಿ ಹೊರಳಿಸುತ್ತದೆ. ಇತರರಿಗೆ ಅಗಲ ಒಂದು ತೆರಿಗೆ. ದೊಡ್ಡ ಪಾದದವನಿಗೆ ಅದು ಹಕ್ಕು. ಗಿಡ್ಡ ಅಗಲ ಹಲಗೆಯಿಂದ ಅತ್ಯಂತ ಹೆಚ್ಚು ಲಾಭ ಪಡೆಯುವವನು, ಇಷ್ಟು ದಿನ ಉದ್ದದ ಹಲಗೆಗೇ ಕಟ್ಟುಬಿದ್ದಿದ್ದ ಇವನೇ.

ಆದರೆ ಇದನ್ನು ಕೇಳಿದೊಡನೆ ಅಂಗಡಿಯ ಅತಿ ಗಿಡ್ಡ ಹಲಗೆಗೆ ಕೈಹಾಕುವುದೂ ತರವಲ್ಲ. ಮಿತಿಗಳಿವೆ. ಮೊದಲನೆಯದು ನಿಲುವು. ಉದ್ದ ಕಾಲಿನವನು ಭುಜದ ಅಗಲಕ್ಕಿಂತ ತುಸು ಹೆಚ್ಚಾಗಿ ಕಾಲು ಅಗಲಿಸಿ ನಿಲ್ಲುತ್ತಾನೆ. ಹಲಗೆ ಬಹಳ ಗಿಡ್ಡವಾದರೆ ಅವನ ಮುಂಗಾಲಿನ ಮುಂದೆ ಮೂತಿಯೇ ಉಳಿಯದು; ಆ ಮೂತಿ ಮೊದಲ ಗುಡ್ಡೆಗೇ ಹಿಮದೊಳಗೆ ನುಗ್ಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇವನ ಪಾಲಿಗೆ ತಿರುಗುಮುರುಗು. ಕಾಲು ಚಾಚುವಷ್ಟು ಹಾಸಿಗೆಯನ್ನು ಇವನು ಕೊಳ್ಳಲೇಬೇಕು.

ಎರಡನೆಯದು ಬಿಗಿ. ಎಪ್ಪತ್ತು ಕಿಲೋದವನಿಗೆಂದು ಮಾಡಿದ ಮೆದು ಹಲಗೆ ನೂರು ಕಿಲೋದವನ ಕೆಳಗೆ ಬಳುಕಿ, ವೇಗದಲ್ಲಿ ನಡುಗುತ್ತದೆ, ಬಾಲ ಜಾರಿಹೋಗುತ್ತದೆ. ಅಗಲವಿದ್ದರೆ ಸಾಲದು, ಬೆನ್ನೂ ಗಟ್ಟಿಯಿರಬೇಕು. ತಯಾರಕರು ಒಂದೊಂದು ಅಳತೆಗೂ ತಕ್ಕ ಮೈಭಾರದ ಪಟ್ಟಿಯನ್ನು ಅಚ್ಚುಮಾಡಿರುತ್ತಾರೆ. ಗದ್ದ ಮೂಗುಗಳ ಲೆಕ್ಕವನ್ನು ಬಿಟ್ಟು ಈ ಪಟ್ಟಿಯನ್ನು ಮೊದಲು ಓದಬೇಕು. ಹಲಗೆಗೆ ತಿಳಿಯುವುದು ಸವಾರನ ತೂಕ. ಅವನ ತಲೆ ಎಷ್ಟು ಎತ್ತರದಲ್ಲಿದೆ ಎಂಬುದಲ್ಲ. ತೂಕವೆಂದರೆ ಬಟ್ಟೆ, ಬೂಟು, ಬೆನ್ನಿನ ಚೀಲ ಎಲ್ಲ ಕೂಡಿದ ತೂಕವೆಂಬುದೂ ನೆನಪಿರಲಿ.

ಮೂರನೆಯದು ವೇಗ. ನೀರಿನ ಲೆಕ್ಕವನ್ನೇ ಹಿಮಕ್ಕೂ ಹಿಡಿದರೆ, ಎತ್ತುವ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ಒಂದೇ ಹಲಗೆಯ ಮೇಲೆ ೬೦ ಕಿಲೋದವನು ಗಂಟೆಗೆ ೨೦ ಕಿಲೋಮೀಟರಿನಲ್ಲಿ ತೇಲಿದರೆ ೧೦೦ ಕಿಲೋದವನು ತೇಲಲು ಸುಮಾರು ೨೬ ಬೇಕು. ಕಡಿದಾದ ಬಯಲು ಬೆಟ್ಟದಲ್ಲಿ ಈ ವೇಗ ಸುಲಭವಾಗಿ ಸಿಗುತ್ತದೆ. ಮರಗಳ ತೋಪಿನಲ್ಲಿ, ಹೊಕ್ಕೈಡೊದಂಥ ಇಳುಕಲು ಕಡಿಮೆಯ ಬೆಟ್ಟದಲ್ಲಿ ಸಿಗುವುದಿಲ್ಲ. ಆದ್ದರಿಂದ ಎಲ್ಲಿ ಇಳಿಯುವೆನೆಂಬುದನ್ನು ತನ್ನಲ್ಲೇ ಕೇಳಿಕೊಂಡು ಹಲಗೆಯನ್ನು ಆರಿಸಬೇಕು.

ಇಷ್ಟನ್ನೂ ಒಟ್ಟುಗೂಡಿಸಿ ಹೇಳುವುದಾದರೆ, ಆರಡಿ ನಾಲ್ಕಿಂಚು ಎತ್ತರ, ನೂರು ಕಿಲೋ ತೂಕ, ಮೂವತ್ತು ಸೆಂಟಿಮೀಟರ್ ಪಾದದ ಆಳು ಮರಗಳ ನಡುವೆ ಪುಡಿಹಿಮದಲ್ಲಿ ಚುರುಕಾಗಿ ತಿರುಗಬೇಕೆಂದರೆ, ೧೬೫ನ್ನು ಮೀರಿದ ಕಿರಿದಾದ ಹಲಗೆಯನ್ನೂ ೧೫೦ರ ಕೆಳಗಿನ ಆಟದ ಹಲಗೆಯನ್ನೂ ಬಿಟ್ಟು, ೧೫೬ರಿಂದ ೧೬೨ರವರೆಗಿನ, ನಡು ೨೬ೂವರೆಯಿಂದ ೨೭ೂವರೆ ಸೆಂಟಿಮೀಟರ್ ಅಗಲದ ಹಲಗೆಯನ್ನು ನೋಡುವುದು ಲೇಸು. ಬಾಲ ಮೂತಿಗಿಂತ ಒಂದೂವರೆ ಎರಡು ಸೆಂಟಿಮೀಟರ್ ಕಿರಿದಾಗಿರಲಿ. ಕಾಲಿನ ಜಾಗ ನಡುವಿನಿಂದ ಹಿಂದಕ್ಕೆ ಸರಿದಿರಲಿ. ಮೂತಿ ಉದ್ದವಾಗಿ ಮೆಲ್ಲಗೆ ಮೇಲೇಳಲಿ. ನಡುವೆ ಬೆನ್ನು ಬಿಗಿಯಿರಲಿ. ಸಾಧ್ಯವಾದರೆ ಬಾಡಿಗೆಗೆ ಪಡೆದು ಒಂದು ದಿನ ಆಡಿ ನೋಡಲಿ. ಸಂಜೆ ಎರಡು ತೊಡೆಗಳೂ ಒಂದೇ ಸಮನಾಗಿ ದಣಿದಿದ್ದರೆ ಹಲಗೆ ಒಪ್ಪಿತೆಂದು ತಿಳಿಯಬಹುದು; ಹಿಂದಿನದೊಂದೇ ಉರಿದರೆ ಹಲಗೆ ತನ್ನ ಕೆಲಸವನ್ನು ಅವನ ಮೇಲೆ ಹೇರುತ್ತಿದೆ ಎಂದರ್ಥ. ಮರುದಿನ ಗಟ್ಟಿಹಿಮದ ಮೇಲೂ ಇಳಿಯಬೇಕಾದವನು ಇನ್ನೊಂದನ್ನು ಗಮನಿಸಬೇಕು: ಹಲಗೆ ಗಿಡ್ಡವಾದಷ್ಟೂ ಹಿಮವನ್ನು ಕಚ್ಚುವ ಅಂಚು ಕಡಿಮೆ. ಇದು ಕೊಡಬೇಕಾದ ಬೆಲೆ.

ಚುರುಕು ಎಂಬುದು ಬರಿಯ ಸೊಗಸಿನ ಮಾತೂ ಅಲ್ಲ. ಆಳಹಿಮದ ತೋಪುಗಳಲ್ಲಿ ಮರದ ಕೊಂಬೆಗಳ ಅಡಿಗೆ ಹಿಮ ಗಟ್ಟಿಯಾಗದೆ ಬುಡದ ಸುತ್ತ ಪೊಳ್ಳು ಬಾವಿಯಂತಾಗುತ್ತದೆ. ಅದರೊಳಗೆ ತಲೆಕೆಳಗಾಗಿ ಬಿದ್ದವನು ತಾನಾಗಿ ಎದ್ದುಬರುವುದು ಬಹಳ ಕಷ್ಟ. ಅಲುಗಿದಷ್ಟೂ ಹಿಮ ಕುಸಿದು ಉಸಿರು ಕಟ್ಟಿಸುತ್ತದೆ. ಮರದ ಹತ್ತಿರ ಸಮಯಕ್ಕೆ ಸರಿಯಾಗಿ ತಿರುಗುವ ಹಲಗೆ ಜೀವ ಉಳಿಸುವ ಹಲಗೆ. ಜೊತೆಗಾರನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳದೆ ತೋಪಿಗೆ ಇಳಿಯಬಾರದೆಂಬುದು ಅಲ್ಲಿನವರ ನಿಯಮ. ಬೆಟ್ಟದ ಬಯಲಿನಲ್ಲಾದರೋ ಹಿಮಕುಸಿತದ ಭಯ. ಅಲ್ಲಿಗೆ ಹೋಗುವವರು ಹೂತವನನ್ನು ಪತ್ತೆಹಚ್ಚುವ ರೇಡಿಯೋ ಸಾಧನ, ಸಲಿಕೆ, ಚುಚ್ಚಿ ನೋಡುವ ಉದ್ದ ಸಲಾಕೆಗಳನ್ನು ಒಯ್ಯಬೇಕು. ಅಂದಿನ ಎಚ್ಚರಿಕೆಯನ್ನು ಕೇಳದೆ ಹೊರಡಬಾರದು. ಮೇಲೆ ಹೇಳಿದ ಕ್ರೇಗ್ ಕೆಲ್ಲಿ ಬೆಟ್ಟದ ಮಾರ್ಗದರ್ಶಕನಾಗಲು ತರಬೇತಿ ಪಡೆಯುತ್ತಿದ್ದಾಗ, ೨೦೦೩ರ ಜನವರಿ ೨೦ರಂದು ಕೆನಡಾದ ರೆವೆಲ್‌ಸ್ಟೋಕ್ ಬಳಿಯ ಹಿಮಕುಸಿತದಲ್ಲಿ ಇತರ ಆರು ಮಂದಿಯೊಡನೆ ತೀರಿಕೊಂಡ. ಅವನಷ್ಟು ಹಿಮವನ್ನು ಬಲ್ಲವರು ವಿರಳ. ಒಳ್ಳೆಯ ಹಲಗೆ ಬೆಟ್ಟದೊಡನೆ ಮಾಡಿಕೊಂಡ ಒಪ್ಪಂದವಲ್ಲ.

ಕಾಲ್ವ್‌ಟ್ರಾಸ್ಕಿನ ಬೇಟೆಗಾರ ಅಗಲವಾಗಿ ಕೆತ್ತಿದ. ನೋರ್‌ಹೈಮ್ ಗಿಡ್ಡಮಾಡಿ ನಡುವನ್ನು ಸಣ್ಣಗೊಳಿಸಿದ. ಮಿಲೋವಿಚ್ ಬಾಲವನ್ನು ಸೀಳಿದ. ನಿಸೆಕೊದವರು ತಮ್ಮ ಊರಿನ ಹಿಮದ ಮಾತು ಕೇಳಿದರು. ಐದು ಸಾವಿರ ವರ್ಷಗಳಲ್ಲಿ ಪ್ರಶ್ನೆ ಬದಲಾಗಲಿಲ್ಲ. ಉತ್ತರವನ್ನು ಉದ್ದದಲ್ಲಿ ಮಾತ್ರ ಹುಡುಕುವ ರೂಢಿ ಬದಲಾಯಿತು. ನಿಮ್ಮ ಮನೆಯ ಎತ್ತರದ ಹುಡುಗ ಹಿಮದ ನಾಡಿನಿಂದ ಫೋನು ಮಾಡಿ, ಅಂಗಡಿಯವರು ಎಲ್ಲಕ್ಕಿಂತ ಉದ್ದನೆಯ ಹಲಗೆಯನ್ನೇ ತೋರಿಸುತ್ತಿದ್ದಾರೆಂದರೆ, ನೀವು ಇಲ್ಲಿಂದಲೇ ಹೇಳಬಹುದು: ಮೊದಲು ತಕ್ಕಡಿಯ ಮೇಲೆ ನಿಲ್ಲು, ಆಮೇಲೆ ಪಾದವನ್ನು ಅಳೆ, ಎತ್ತರವನ್ನು ಕೊನೆಗೆ ನೋಡು. ಜೊತೆಗಾರನಿಲ್ಲದೆ ಮರಗಳ ನಡುವೆ ಹೋಗಬೇಡವೆಂಬ ಮಾತನ್ನೂ ಸೇರಿಸಿ.